ಪ್ರಾರ್ಥನೆಯ ವಿಷಯವಾಗಿ ಮೂರು ಊರು ಸುತ್ತಿದ್ದು

ಮನಸ್ಸಿಗೆ ಬೇಜಾರಾದರೆ ಏನು ಮಾಡಬೇಕೆಂದು ನಮ್ಮ ಸಭೆಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತಿತ್ತು: ಪ್ರಾರ್ಥಿಸು. ಉತ್ತರ ಸರಿಯಾದದ್ದೇ. ಅದರ ಬಗ್ಗೆ ನನಗೆ ಅಂದೂ ತಕರಾರಿರಲಿಲ್ಲ, ಇಂದೂ ಇಲ್ಲ. ತಕರಾರೇನಿದ್ದರೂ ಪ್ರಾರ್ಥಿಸುವವರ ಬಗ್ಗೆ. ವಿಶೇಷವಾಗಿ ಅವರ ಗಂಟಲಿನ ಬಗ್ಗೆ.

ಮನಸ್ಸಿನೊಳಗೇ ಪ್ರಾರ್ಥಿಸುವುದನ್ನು ನಮ್ಮವರು ಅರೆಬರೆ ಕೆಲಸವೆಂದು ತಿಳಿದಿದ್ದ ಕಾಲ ಅದು. ಎಂಟು ಜನ ಚಾಪೆಯ ಮೇಲೆ ದುಂಡಗೆ ಕೂತರೆ ಎಂಟೂ ಜನ ಸರದಿಯ ಮೇಲೆ ಬಾಯಿಬಿಟ್ಟು ಪ್ರಾರ್ಥಿಸಬೇಕು. ಹೆಂಗಸರಿಗೆ, ಮುದುಕರಿಗೆ, ನೆಗಡಿಯಾದವರಿಗೆ, ಯಾರಿಗೂ ವಿನಾಯಿತಿ ಇಲ್ಲ. ಒಂದು ಕಡೆಯಿಂದ ಹೊರಟ ಪ್ರಾರ್ಥನೆ ಸುತ್ತು ಹಾಕಿ ಬರುವ ತನಕ ಯಾರೂ ಕಣ್ಣು ತೆರೆಯುವಂತಿಲ್ಲ, ಯಾರೂ ಯಾರನ್ನೂ ತಡೆಯುವಂತಿಲ್ಲ. ಮಾವನಿಗೆ ಸೊಸೆ, ಗಂಡನಿಗೆ ಹೆಂಡತಿ ಎದುರೆದುರು ಆಡಲಾರದ ಮಾತುಗಳೆಲ್ಲ ದೇವರ ವಿಳಾಸಕ್ಕೆ ಹೊರಟು, ದಾರಿಯಲ್ಲಿ ಪಕ್ಕದವರಿಗೆ ತಲುಪುತ್ತಿದ್ದವು. ಈ ಏರ್ಪಾಡಿನಿಂದ ಎಷ್ಟು ಮನೆಗಳಲ್ಲಿ ಜಗಳ ಹತ್ತಿತೋ ಎಷ್ಟು ಮನೆಗಳಲ್ಲಿ ಆರಿತೋ ಲೆಕ್ಕವಿಟ್ಟವರಿಲ್ಲ.

ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ನಾನು ಕುರುಗೋಡಿನ ಮಿಷನ್ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಇಪ್ಪತ್ತಾರು ವರ್ಷ. ತಾಯಿ ಬಳ್ಳಾರಿಯಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಳು. ಸಿರುಗುಪ್ಪದ ಉಪದೇಶಿಯವರ ಮಗಳೊಂದಿಗೆ ನನಗೆ ಮದುವೆ ಗೊತ್ತಾಗಿ, ಕ್ರಿಸ್‌ಮಸ್ ಕಳೆದ ಮೇಲೆ ಎಂದು ತೀರ್ಮಾನವಾಗಿತ್ತು. ಉಪದೇಶಿಯೆಂದರೆ ಅಯ್ಯನವರು, ಅಂದರೆ ಪಾದ್ರಿಗಳು, ಇಲ್ಲದ ಊರಿನಲ್ಲಿ ಆರಾಧನೆ ನಡೆಸುವವರು. ಅಯ್ಯನವರ ಅಧಿಕಾರವಿಲ್ಲದೆ ಅವರ ಕೆಲಸವನ್ನೆಲ್ಲ ಮಾಡುವವರು. ಹುಡುಗಿಯನ್ನು ನಾನು ನೋಡಿದ್ದು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಅದರಲ್ಲೂ ಹೆಚ್ಚು ನೋಡಿದ್ದು ಅವಳ ಕೈಯಲ್ಲಿದ್ದ ತಟ್ಟೆಯನ್ನು. ಮಾತಂತೂ ಒಂದೂ ಆಡಿರಲಿಲ್ಲ.

ಇಷ್ಟೆಲ್ಲ ನೆಟ್ಟಗಿರುವಾಗ, ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ನನ್ನ ಮನಸ್ಸು ಕಾರಣವಿಲ್ಲದೆ ಭಾರವಾಯಿತು. ಕಾರಣವಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಬೆಳಿಗ್ಗೆ ಎದ್ದರೆ ಯಾರೋ ಎದೆಯ ಮೇಲೆ ಒಂದು ಗುಂಡುಕಲ್ಲನ್ನು ಮರೆತು ಹೋದ ಹಾಗೆ. ರೊಟ್ಟಿ ರುಚಿಸದು. ಮಗ್ಗಿ ತಪ್ಪಿದ ಹುಡುಗರ ಮೇಲೆ ಊರು ಕೇಳುವಂತೆ ಕೂಗಿ, ಆಮೇಲೆ ನಾಚಿಕೆಯಿಂದ ಕಪ್ಪು ಹಲಗೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಎಲ್ಲಕ್ಕಿಂತ ಕೆಟ್ಟದ್ದು, ಪ್ರಾರ್ಥನೆ ಕೈಕೊಟ್ಟಿತ್ತು. ಸಭೆಯಲ್ಲಿ ನನ್ನ ಪ್ರಾರ್ಥನೆಗೆ ಹೆಸರಿತ್ತು. ಸೃಷ್ಟಿಯಿಂದ ಆರಂಭಿಸಿ, ರಾಜರು, ಅಧಿಕಾರಿಗಳು, ವಿಧವೆಯರು, ಅನಾಥರು, ಮಳೆ ಬೆಳೆ ಎಲ್ಲವನ್ನೂ ಹಾದು ಆಮೆನ್ ಮುಟ್ಟುವಾಗ ಒಂದಿಬ್ಬರು ಮಕ್ಕಳು ನಿದ್ದೆ ಹೋಗಿರುತ್ತಿದ್ದರು. ಈಗಲೂ ಅದೇ ಪ್ರಾರ್ಥನೆ ಬಾಯಿಂದ ಒಂದಕ್ಷರ ತಪ್ಪದೆ ಬರುತ್ತಿತ್ತು. ನಾನು ಮಾತ್ರ ಅದರಲ್ಲಿ ಇರುತ್ತಿರಲಿಲ್ಲ.

ಆಗ ನಾನು ಮಾಡಿದ ತಪ್ಪನ್ನು ನಮ್ಮ ಸಭೆಯಲ್ಲಿ ಹುಟ್ಟಿ ಬೆಳೆದವನು ಮಾಡಬಾರದಿತ್ತು. ಒಂದು ಬುಧವಾರ ಪ್ರಾರ್ಥನಾ ಕೂಟ ಮುಗಿದ ಮೇಲೆ ದೊಡ್ಡಮ್ಮನನ್ನು ತಡೆದು ನಿಲ್ಲಿಸಿ, ಮನಸ್ಸು ಯಾಕೋ ಸರಿಯಿಲ್ಲ, ನನ್ನನ್ನು ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ ಎಂದುಬಿಟ್ಟೆ.

ದೊಡ್ಡಮ್ಮ ನನಗೆ ಸಂಬಂಧಿಯಲ್ಲ. ಇಡೀ ಸಭೆಗೇ ದೊಡ್ಡಮ್ಮ. ಮಿಷನ್ನಿನವರ ಕೆಲಸದ ಮೇಲೆ ಒಂದು ಕಪ್ಪು ಕೊಡೆ, ಒಂದು ಬಟ್ಟೆಯ ಚೀಲ ಹಿಡಿದು ಕುರುಗೋಡು, ಬಳ್ಳಾರಿ, ಸಿರುಗುಪ್ಪ ಎಂದು ತಿರುಗುತ್ತ, ಹೆಂಗಸರಿಗೆ ಓದು ಕಲಿಸಿ, ಬಾಣಂತಿಯರ ಯೋಗಕ್ಷೇಮ ನೋಡಿ, ಪಾಠ ಹೇಳಿ ಬರುವ ವಿಧವೆ. ಅರವತ್ತು ದಾಟಿದ್ದರೂ ನಡಿಗೆಯಲ್ಲಿ ನನ್ನನ್ನು ಸೋಲಿಸುತ್ತಿದ್ದಳು. ಪ್ರೀತಿ ಅಪಾರ, ಜ್ಞಾಪಕಶಕ್ತಿ ಅದಕ್ಕಿಂತ ಅಪಾರ. ನನ್ನ ಮಾತು ಕೇಳಿ ಅವಳ ಕಣ್ಣಲ್ಲಿ ನೀರು ಬಂತು. ನನ್ನ ತಲೆಯ ಮೇಲೆ ಕೈಯಿಟ್ಟಳು. ಆ ಒಂದು ಗಳಿಗೆ ನನಗೆ ನಿಜವಾಗಿ ಹಗುರವಾಯಿತು. ಅಲ್ಲಿಗೇ ನಿಂತಿದ್ದರೆ ಈ ಬರಹಕ್ಕೆ ಅವಕಾಶವಿರಲಿಲ್ಲ.

ಮುಂದಿನ ಬುಧವಾರ ಸರದಿ ಅವಳಿಗೆ ಬಂದಾಗ ದೊಡ್ಡಮ್ಮ ನನ್ನನ್ನು ನೆನೆಸಿಕೊಂಡಳು. ಕಾಲು ಗಂಟೆ ನೆನೆಸಿಕೊಂಡಳು. ನಾನು ಪಕ್ಕದಲ್ಲೇ ಕೂತಿದ್ದೇನೆಂಬುದು ಅವಳಿಗೆ ಅಡ್ಡಿಯಾಗಲಿಲ್ಲ. ಮರುದಿನದಿಂದ ಕುರುಗೋಡಿನ ನಮ್ಮ ಏಳು ಮನೆಗಳೂ ನನ್ನ ಸೇವೆಗೆ ನಿಂತವು. ಒಬ್ಬರು ಓಮದ ಕಷಾಯ ಕಳಿಸಿದರು. ಒಬ್ಬರು ಹರಳೆಣ್ಣೆ. ಹೆಡ್‌ಮಾಸ್ತರರು ನನ್ನನ್ನು ನೋಡಿದಾಗಲೆಲ್ಲ ದನಿ ತಗ್ಗಿಸಿ ಮಾತಾಡತೊಡಗಿದರು. ಸತ್ತವರ ಮನೆಯಲ್ಲಿ ಮಾತಾಡುವ ದನಿ ಅದು. ಕಾರಣವೇನು ಎಂದು ಎಲ್ಲರೂ ಕೇಳುವವರೇ. ಕಾರಣವಿಲ್ಲ ಎಂದರೆ ನಂಬುವವರಿಲ್ಲ. ಕಾರಣ ಹೇಳದವನಿಗೆ ಕಾರಣ ಒದಗಿಸುವುದು ಕ್ರೈಸ್ತ ಧರ್ಮವೆಂದು ಭಾವಿಸಿ ತಲೆಗೊಂದು ಒದಗಿಸಿದರು.

ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಶೇಂಗಾ ವ್ಯಾಪಾರಿ ಲಿಂಗಪೂಜೆಯ ಮನೆತನದವನು, ಸಭ್ಯಸ್ಥ. ಅವನೂ ಒಂದು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಾಗಿಲಿಗೆ ಬಂದು ವಿಚಾರಿಸಿದ. ನಿಮಗೆ ಹೇಗೆ ತಿಳಿಯಿತು ಎಂದೆ.

"ಮಾಸ್ತರ, ನೀವು ನಿಮ್ಮ ದೇವ್ರಿಗೆ ಹೇಳಿದ್ದು ನಮ್ಮ ಗ್ವಾಡಿಗೂ ಕೇಳಸ್ತೈತ್ರಿ," ಎಂದ. ಆಮೇಲೆ ಗಂಭೀರವಾಗಿ, "ನಾನೂ ಪೂಜಿಯೊಳಗ ಒಂದು ಮಾತು ಹಾಕೀನಿ. ಎರಡು ಕಡಿಯಿಂದ ಹೋದ್ರ ಲಗೂನ ಮುಟ್ಟತೈತಿ."

ಆ ತಿಂಗಳ ಕೊನೆಗೆ ಬಳ್ಳಾರಿಗೆ, ಕೌಲ್ ಬಜಾರದ ಅಕ್ಕನ ಮನೆಗೆ ಹೋದೆ. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ದೇವಾಲಯದಲ್ಲಿ ಪ್ರಕಟಣೆ ಓದಬೇಕು: ಇಂಥವನಿಗೂ ಇಂಥವಳಿಗೂ ವಿವಾಹ ನಿಶ್ಚಯವಾಗಿದೆ, ಅಡ್ಡಿಯೇನಾದರೂ ತಿಳಿದವರು ತಿಳಿಸತಕ್ಕದ್ದು ಎಂದು. ವರನ ಸಭೆಯಲ್ಲೂ ಓದಬೇಕು, ವಧುವಿನ ಸಭೆಯಲ್ಲೂ ಓದಬೇಕು. ಮೂರರಲ್ಲಿ ಒಂದು ತಪ್ಪಿದರೂ ಮದುವೆಯಿಲ್ಲ. ಆ ಭಾನುವಾರ ಬಳ್ಳಾರಿಯಲ್ಲೂ ಸಿರುಗುಪ್ಪದಲ್ಲೂ ಮೊದಲನೆಯ ಓದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಂಡಸರ ಕಡೆ ಮೂರನೆಯ ಬೆಂಚಿನಲ್ಲಿ ಕೂತಿದ್ದೆ. ಅಯ್ಯನವರು ಪ್ರಕಟಣೆ ಓದಿದರು. ಹಿಂದಿನಿಂದ ಯಾರೋ ನನ್ನ ಬೆನ್ನು ತಟ್ಟಿದರು. ಅಯ್ಯನವರು ಆ ಕಾಗದ ಮಡಚಿಟ್ಟು ಇನ್ನೊಂದು ಕಾಗದ ತೆಗೆದರು. ಆ ವಾರದ ಪ್ರಾರ್ಥನಾ ವಿಷಯಗಳು. ಹೊಳೆಗೆ ಡ್ಯಾಮು ಕಟ್ಟಲು ಹೋದ ನಮ್ಮ ಕೂಲಿಯವರಿಗಾಗಿ. ಆಸ್ಪತ್ರೆಯಲ್ಲಿರುವ ಒಬ್ಬ ತಾಯಿಗಾಗಿ. ಮತ್ತು ಕುರುಗೋಡಿನಲ್ಲಿ ವಾಸವಾಗಿರುವ, ಮನಸ್ಸಿನ ಸ್ತಿಮಿತ ಕಳೆದುಕೊಂಡು, ನಂಬಿಕೆಯಲ್ಲಿ ಕುಂದಿ, ಕತ್ತಲೆಯಲ್ಲಿ ತೊಳಲುತ್ತಿರುವ ಒಬ್ಬ ಯೌವನಸ್ಥ ಸಹೋದರನಿಗಾಗಿ.

ಹೆಸರು ಹೇಳಲಿಲ್ಲ. ಅಯ್ಯನವರು ಸೂಕ್ಷ್ಮ ಬಲ್ಲವರು. ಆದರೆ ಕುರುಗೋಡಿನಲ್ಲಿ ನಮ್ಮವರ ಪೈಕಿ ಯೌವನಸ್ಥನೆಂದರೆ ನಾನೊಬ್ಬನೇ. ಉಳಿದವರೆಲ್ಲ ಐವತ್ತು ದಾಟಿದವರು, ಇಲ್ಲವೇ ಎರಡನೇ ಇಯತ್ತೆಯವರು. ಬೆನ್ನು ತಟ್ಟಿದ ಕೈ ಹಿಂದಕ್ಕೆ ಹೋದದ್ದು ನನಗೆ ತಿಳಿಯಿತು. ಇಡೀ ಸಭೆ ಮೊಣಕಾಲೂರಿತು. ನಾನೂ ಊರಿದೆ. ನನ್ನ ಸಲುವಾಗಿ ನಾನೇ, ಹೆಸರಿಲ್ಲದ ಸಹೋದರನೆಂಬ ಹೆಸರಿನಲ್ಲಿ, ಮುನ್ನೂರು ಜನರ ನಡುವೆ ಪ್ರಾರ್ಥಿಸಿದ್ದು ಅದೇ ಮೊದಲು, ಅದೇ ಕಡೆ.

ಮನೆಗೆ ಬಂದ ಮೇಲೆ ತಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೂತಳು. ಹೆತ್ತವಳು ಈ ಸುದ್ದಿಯನ್ನು ಬೆಂಚಿನ ಮೇಲೆ ಕೂತು ಕೇಳಬೇಕಾಯಿತಲ್ಲ ಎಂಬುದು ಅವಳ ದುಃಖ. ಏನೂ ಇಲ್ಲವ್ವ ಎಂದೆ.

"ಏನೂ ಇಲ್ಲದ್ದಕ್ಕ ಅಷ್ಟು ಮಂದಿ ಮೊಣಕಾಲೂರಿದ್ರೇನು?" ಎಂದಳು.

ದೊಡ್ಡಮ್ಮ ಕೆಲಸದ ವರದಿ ಒಪ್ಪಿಸಲು ಬಳ್ಳಾರಿಗೆ ಬಂದವಳು ಅಂದು ಊಟಕ್ಕೆ ನಮ್ಮಲ್ಲೇ ಇದ್ದಳು. ಅವಳು ಉಪ್ಪಿನಕಾಯಿ ನೆಕ್ಕುತ್ತಿರುವಾಗಲೇ, ನಾನು ನಿಮಗೊಬ್ಬರಿಗೆ ಗುಟ್ಟಾಗಿ ಹೇಳಿದ್ದಲ್ಲವೇ ಎಂದು ಕೇಳಿದೆ. ಅವಳು ನಿಜವಾಗಿಯೂ ಆಶ್ಚರ್ಯಪಟ್ಟಳು.

"ದೇವ್ರ ಹತ್ರ ಗುಟ್ಟೇನೈತಿ ತಮ್ಮಾ?"

"ದೇವ್ರ ಹತ್ರ ಇಲ್ಲ ದೊಡ್ಡಮ್ಮ. ಕೌಲ್ ಬಜಾರದ ಹತ್ರ ಐತಿ."

ತಾನು ಬರೀ ದುಗುಡ ಎಂದಷ್ಟೇ ಹೇಳಿದ್ದೆನೆಂದೂ, ಅಯ್ಯನವರು ಬರೆದುಕೊಳ್ಳುವಾಗ ಸ್ವಲ್ಪ ಚೆಂದ ಮಾಡಿದರೆಂದೂ ದೊಡ್ಡಮ್ಮ ಸಮಾಧಾನ ಹೇಳಿದಳು. ಇದು ಸುಳ್ಳಿರಲಾರದು. ಅಷ್ಟು ದೊಡ್ಡ ದೇವರ ಮುಂದೆ ಇಷ್ಟು ಸಣ್ಣ ಕಾಯಿಲೆ ಇಡುವುದು ಮರ್ಯಾದೆಯಲ್ಲವೆಂದು ನಮ್ಮವರಿಗೆ ಅನಿಸುತ್ತದೆ. ಒಬ್ಬೊಬ್ಬರ ಬಾಯಿ ದಾಟುವಾಗ ಒಂದೊಂದು ಹಿಡಿ ಸೇರಿಸಿ, ದೇವರ ಅಂತಸ್ತಿಗೆ ತಕ್ಕಷ್ಟು ಮಾಡಿ ಒಪ್ಪಿಸುತ್ತಾರೆ. ಆ ಮೇಲಿನ ವಾರ ಅವಳ ತಿರುಗಾಟ ಸಿರುಗುಪ್ಪಕ್ಕಿತ್ತು. ಹೋಗಬೇಡಿ ಎನ್ನುವ ಧೈರ್ಯ ನನಗಿರಲಿಲ್ಲ. ಹೇಳಿದ್ದರೆ ಅದೂ ಪ್ರಾರ್ಥನೆಯ ವಿಷಯವಾಗುತ್ತಿತ್ತು.

ಹತ್ತು ದಿನಕ್ಕೆ ಸಿರುಗುಪ್ಪದಿಂದ ಅಂಚೆ ಕಾರ್ಡು ಬಂತು. ಅದುವರೆಗಿನ ಕಾರ್ಡುಗಳಲ್ಲಿ ಉಪದೇಶಿಯವರು ನನ್ನನ್ನು 'ಚಿರಂಜೀವಿ ಅಳಿಯಂದಿರಿಗೆ' ಎಂದು ಬರೆಯುತ್ತಿದ್ದರು. ಇದರಲ್ಲಿ 'ಪ್ರಿಯ ಸಹೋದರರಿಗೆ' ಎಂದಿತ್ತು. ಅಳಿಯನಾಗಿದ್ದವನು ಒಂದೇ ಗೀಟಿನಲ್ಲಿ ಸಹೋದರನಾಗಿಬಿಟ್ಟಿದ್ದೆ. ಎರಡನೆಯ ಪ್ರಕಟಣೆಯನ್ನು ಸದ್ಯಕ್ಕೆ ಓದಿಸಿಲ್ಲವೆಂದೂ, ಬುಧವಾರ ಸಾಯಂಕಾಲ ತಾವು ದಯಮಾಡಿಸಿದರೆ ಕೂಡಿ ಪ್ರಾರ್ಥಿಸಿ ದೇವರ ಚಿತ್ತವೇನೆಂದು ತಿಳಿಯಬಹುದೆಂದೂ ಬರೆದಿದ್ದರು. ಟಪ್ಪಾಲಿನವನ ಕೈಯಿಂದ ಕಾರ್ಡನ್ನು ಇಸಿದುಕೊಂಡಿದ್ದ ನಮ್ಮ ಶೇಂಗಾ ವ್ಯಾಪಾರಿ ಅದನ್ನು ನನಗೆ ಕೊಡುವಾಗ, ಹುಡುಗಿಯ ಕಡೆಯವರು ಹಿಂದೆ ಸರಿಯುವ ಹಾಗೆ ಕಾಣುತ್ತದೆ ಎಂದು ವಿಷಾದದಿಂದ ತಿಳಿಸಿದ.

ಆ ಕಾರ್ಡು ಹಿಡಿದು ಕೋಣೆಯೊಳಗೆ ಬಂದೆ. ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಇನ್ನೊಂದಿತ್ತು. ಹೆದರಿಕೆ. ಈ ಹುಡುಗಿ ತಪ್ಪಿಹೋದರೆ ಎಂಬ ಹೆದರಿಕೆ. ಎಷ್ಟೋ ವಾರಗಳಿಂದ ನನಗೆ ಯಾವುದೂ ಬೇಕೆನಿಸಿರಲಿಲ್ಲ, ಊಟವೂ ಬೇಕೆನಿಸಿರಲಿಲ್ಲ. ಮುಖವನ್ನೂ ಸರಿಯಾಗಿ ನೋಡದ ಒಬ್ಬಳು ಕೈಬಿಟ್ಟು ಹೋಗುತ್ತಾಳೆಂದಾಗ ಮಾತ್ರ ಬೇಕು ಎನಿಸಿತು. ಮನುಷ್ಯನ ಮನಸ್ಸಿನ ಈ ಕ್ರಮ ಯಾವ ಮಾಸ್ತರನಿಗೂ ಒಪ್ಪಿಗೆಯಾಗತಕ್ಕದ್ದಲ್ಲ.

ಹೆಡ್‌ಮಾಸ್ತರರು ರಜೆಯ ಚೀಟಿಯನ್ನು ಓದದೆಯೇ ಸಹಿ ಮಾಡಿದರು. ಅವರೂ ಪ್ರಾರ್ಥಿಸುತ್ತಿದ್ದವರಲ್ಲಿ ಒಬ್ಬರು.

ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಹುಟ್ಟಿದ ಇದ್ದಿಲಿನ ಬಸ್ಸುಗಳು ಇನ್ನೂ ಪೂರಾ ಮರೆಯಾಗಿರಲಿಲ್ಲ. ಹಿಂದುಗಡೆ ಒಲೆ ಕಟ್ಟಿಕೊಂಡ ಅಂಥದೊಂದರಲ್ಲಿ, ಮಸಿ ಕುಡಿಯುತ್ತ, ಎರಡು ಸಲ ಇಳಿದು ನೂಕುತ್ತ ಸಿರುಗುಪ್ಪ ಮುಟ್ಟಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಕಂಠಪಾಠ ಮಾಡಿದೆ. ಮನಸ್ಸಿನದೂ ಅಲ್ಲ, ದುಗುಡವೂ ಅಲ್ಲ. ಅಜೀರ್ಣ. ಕುರುಗೋಡಿನ ನೀರು ಗಡಸು, ಹೊಟ್ಟೆ ಸರಿಯಿರಲಿಲ್ಲ, ದೊಡ್ಡಮ್ಮ ವಯಸ್ಸಾದವಳು, ತಪ್ಪು ತಿಳಿದಳು. ಹೊಟ್ಟೆ ಕೆಟ್ಟ ಅಳಿಯನನ್ನು ಯಾವ ಮಾವನೂ ಬೇಡವೆನ್ನುವುದಿಲ್ಲ. ಮನಸ್ಸು ಕೆಟ್ಟವನ ಮಾತು ಬೇರೆ.

ಉಪದೇಶಿಯವರು ಮರ್ಯಾದೆಯಿಂದಲೇ ಬರಮಾಡಿಕೊಂಡರು. ಹೆಂಡತಿ ತೀರಿಹೋದ ಮನುಷ್ಯ, ತೆಳ್ಳಗೆ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಕೂತಿದ್ದರು. ಜಗಲಿಯ ಮೂಲೆಯಲ್ಲಿ ಕಪ್ಪು ಕೊಡೆ ಒರಗಿತ್ತು. ದೊಡ್ಡಮ್ಮ ಇಲ್ಲೂ ಹಾಜರಾಗಿದ್ದಳು. ಹೊತ್ತು ಮುಳುಗುವ ಮೊದಲೇ ಊಟಕ್ಕೆ ಎಬ್ಬಿಸಿದರು. ರೇಷನ್ನಿನ ದಿನಗಳಾದರೂ ಕಾಲುವೆ ನೀರಿನ ಊರು. ಅನ್ನವೂ ಹೊಳೆಮೀನಿನ ಸಾರೂ. ಹುಡುಗಿ ಬಡಿಸಿ ಒಳಗೆ ಹೋದಳು. ಜೋಳದ ರೊಟ್ಟಿಯ ನಾಡಿನಿಂದ ಹೋದ ನಾನು ಮಾನ ಮರೆತು ಉಂಡೆ. ಕೈತೊಳೆದ ಮೇಲೆ ಉಪದೇಶಿಯವರು ಗಂಟಲು ಸರಿಮಾಡಿಕೊಂಡರು.

"ಮಾಸ್ತರ, ನಾನು ತಾಯಿಲ್ಲದ ಮಗಳ್ನ ಕೊಡೋನು. ಬಾಯಿಬಿಟ್ಟು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ಏನಾಗೈತಿ?"

"ಅಜೀರ್ಣರಿ," ಎಂದೆ.

ಅವರ ಮುಖ ಅರ್ಧ ಅರಳಿತು. ಕಂಠಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ. ದೊಡ್ಡಮ್ಮ ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿಕೊಂಡಳು. ಅವಳ ಆಯುಸ್ಸಿನಲ್ಲಿ ಇದೊಂದು ಅಪರೂಪದ ಘಟನೆ. ಹಾಗಾದರೆ ಪ್ರಾರ್ಥಿಸೋಣ ಎಂದು ಉಪದೇಶಿಯವರು ಚಾಪೆ ಹಾಸಿಸಿ, ಮಗಳನ್ನೂ ಕರೆದರು. ನಾವು ನಾಲ್ಕೇ ಜನ. ಉಪದೇಶಿಯವರು, ಅವರ ಬಲಕ್ಕೆ ದೊಡ್ಡಮ್ಮ, ಆಮೇಲೆ ಹುಡುಗಿ, ಆಮೇಲೆ ನಾನು. ಕಣ್ಣು ಮುಚ್ಚಿದೆವು.

ಉಪದೇಶಿಯವರು ಬಹಳ ಜಾಣತನದಿಂದ ಪ್ರಾರ್ಥಿಸಿದರು. ದೇವರ ಚಿತ್ತ ಆಗಲಿ ಎಂದರು. ಅದು ಯಾವ ಕಡೆಗೆ ಆಗಬೇಕೆಂದು ಸೂಚಿಸಲಿಲ್ಲ. ದೊಡ್ಡಮ್ಮ ಎಂದಿಲ್ಲದಂತೆ ನಾಲ್ಕೇ ಮಾತಿನಲ್ಲಿ ಮುಗಿಸಿದಳು. ಆಮೇಲೆ ಬಳೆ ಸದ್ದಾಯಿತು.

"ಸ್ವಾಮಿ," ಎಂದಿತು ನಾನು ಅದುವರೆಗೆ ಕೇಳದ ದನಿ. ಸಣ್ಣದಲ್ಲ, ಹೆದರಿದ್ದೂ ಅಲ್ಲ. "ಇವರು ಅಜೀರ್ಣ ಅಂತಾರ. ಎರಡು ಸಲ ಅನ್ನ ಹಾಕಿಸ್ಕೊಂಡ್ರು. ಅದು ನಿನಗೂ ಕಾಣಿಸಿರಬೇಕು."

ನನ್ನ ಕಿವಿ ಬಿಸಿಯಾಯಿತು. ಉಪದೇಶಿಯವರು ಕೆಮ್ಮಿದರು. ಆದರೆ ಸರದಿಯಲ್ಲಿರುವವರನ್ನು ತಡೆಯುವ ಅಧಿಕಾರ ಉಪದೇಶಿಗೂ ಇಲ್ಲ, ತಂದೆಗೂ ಇಲ್ಲ.

"ಅವ್ವ ತೀರಿಕೊಂಡ ವರ್ಷ ನನಗೂ ಹಿಂಗ ಆಗಿತ್ತು. ನಿನಗ ಗೊತ್ತೈತಿ. ಯಾರಿಗೂ ಹೇಳ್ಲಿಲ್ಲ. ಅಪ್ಪಗೂ ಹೇಳ್ಲಿಲ್ಲ. ದಿನಾ ಒಲಿ ಮುಂದ ಕುಂತು, ಸ್ವಾಮಿ, ಇವತ್ತೊಂದು ದಿನ ಎಬ್ಬಿಸಿ ನಡಸು ಅಂತ ಅಷ್ಟೇ ಕೇಳ್ತಿದ್ದೆ. ನೀನು ನಡಿಸಿದಿ. ಒಂದು ದಿನಕ್ಕಿಂತ ಹೆಚ್ಚಿಗಿ ಯಾವತ್ತೂ ಕೊಡಲಿಲ್ಲ, ಕಡಿಮಿನೂ ಮಾಡಲಿಲ್ಲ." ಇಲ್ಲಿ ದನಿ ಒಂದಿಷ್ಟು ನಡುಗಿ, ಮತ್ತೆ ನೆಟ್ಟಗಾಯಿತು. "ಮನಸು ಭಾರ ಇದ್ದೋರ ಸಂಗಡ ಬಾಳೇವು ಮಾಡಾಕ ನನಗೆ ಆಗತೈತಿ. ಮುಚ್ಚಿಡೋರ ಸಂಗಡ ಆಗಾಂಗಿಲ್ಲ. ಇದನ್ನ ಅವರಿಗೆ ನಾನು ಹೇಳಾಕ ಬರಂಗಿಲ್ಲ. ನೀನು ಹೇಳು. ಆಮೆನ್."

ಸರದಿ ನನ್ನದು.

ಸೃಷ್ಟಿಯಿಂದ ಆರಂಭಿಸೋಣವೆಂದು ಬಾಯಿ ತೆರೆದೆ. ಸೃಷ್ಟಿ ಬರಲಿಲ್ಲ. ರಾಜರೂ ಬರಲಿಲ್ಲ, ಅಧಿಕಾರಿಗಳೂ ಬರಲಿಲ್ಲ. ಮೂರು ಊರುಗಳಲ್ಲಿ ನನ್ನ ಪರವಾಗಿ ಎಲ್ಲರೂ ಎಲ್ಲವನ್ನೂ ಹೇಳಿ ಮುಗಿಸಿದ್ದರು. ನಾನು ಹೇಳಬೇಕಾದ್ದೊಂದು ಮಾತ್ರ ಉಳಿದಿತ್ತು. ಉಪದೇಶಿಯವರು ಅರ್ಧ ನಂಬಿದ್ದಾರೆ. ಸುಮ್ಮನೆ ಆಮೆನ್ ಎಂದರೆ ಮುಂದಿನ ಭಾನುವಾರ ಪ್ರಕಟಣೆ ಓದಿಸಿಯೂ ಬಿಡಬಹುದು ಎಂಬ ಲೆಕ್ಕಾಚಾರ ಆ ಹೊತ್ತಿನಲ್ಲೂ ತಲೆಯಲ್ಲಿ ನಡೆದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮನುಷ್ಯ ಮೊಣಕಾಲೂರಿದಾಗಲೂ ಅರ್ಧ ದಲ್ಲಾಳಿಯೇ.

"ಸ್ವಾಮಿ," ಎಂದೆ. "ಅಜೀರ್ಣ ಅಲ್ಲ."

ಆಮೇಲೆ ಬಂದದ್ದನ್ನು ಪ್ರಾರ್ಥನೆ ಎನ್ನುವುದಕ್ಕೆ ನಮ್ಮ ಅಯ್ಯನವರು ಒಪ್ಪುತ್ತಿರಲಿಲ್ಲ. ಮುಂಜಾನೆ ಏಳಲು ಆಗುವುದಿಲ್ಲವೆಂದೆ. ಮಕ್ಕಳನ್ನು ಸುಮ್ಮಸುಮ್ಮನೆ ಬೈಯುತ್ತೇನೆಂದೆ. ಕಾರಣ ನನಗೇ ಗೊತ್ತಿಲ್ಲವೆಂದೆ. ನಿನ್ನ ಜೊತೆ ಮಾತಾಡಿ ಎರಡು ತಿಂಗಳಾಯಿತು, ಬರೀ ಪಾಠ ಒಪ್ಪಿಸುತ್ತಿದ್ದೆ ಎಂದೆ. ಆಮೆನ್ ಹೇಳಲು ಮರೆತೆ. ಕಡೆಗೆ ದೊಡ್ಡಮ್ಮನೇ ಅದನ್ನು ಹೇಳಿ ನನ್ನನ್ನು ಬಿಡಿಸಿದಳು.

ಕಣ್ಣು ತೆರೆದಾಗ ಹುಡುಗಿ ಒಳಗೆ ಹೋಗಿಯಾಗಿತ್ತು. ಉಪದೇಶಿಯವರು ಕೋಟಿನ ಮೇಲಿನ ಗುಂಡಿಯೊಂದನ್ನು ಬಿಚ್ಚುವುದು, ಹಾಕುವುದು ಮಾಡುತ್ತಿದ್ದರು. ಮಗಳು ವರ್ಷವಿಡೀ ಒಲೆಯ ಮುಂದೆ ಹಾಗೆ ಕೂತಿದ್ದು ಅವರಿಗೂ ಅವತ್ತೇ ಗೊತ್ತಾದದ್ದು. ನನ್ನ ವಿಷಯ ಅವರು ಎತ್ತಲೇ ಇಲ್ಲ. ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ, ಹಾಸಿಗೆ ತೋರಿಸಿ ಎದ್ದುಹೋದರು.

ಮರುದಿನ ಎದ್ದಾಗ ಎದೆಯ ಮೇಲೆ ಕಲ್ಲು ಇದ್ದೇ ಇತ್ತು. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಇಂಥ ಬರಹಗಳಲ್ಲಿ ಕಲ್ಲು ಆ ಹೊತ್ತಿಗೆ ಉರುಳಿಹೋಗಿರುತ್ತದೆ. ನನ್ನದು ಉರುಳಲಿಲ್ಲ, ಮುಂದಿನ ಬೇಸಿಗೆಯ ತನಕ ತಿಂಗಳು ತಿಂಗಳಿಗೆ ಒಂದಿಷ್ಟು ಸವೆಯಿತು. ಆದರೆ ಅವತ್ತು, ಬಸ್ಸಿನ ಕಡೆ ನಡೆಯುತ್ತ, ಕಣ್ಣು ಮುಚ್ಚದೆ, ಬಾಯಿಬಿಡದೆ, ಗದ್ದೆಯ ಬದುವಿನ ಮೇಲೆ ಕಾಲು ಜಾರದಂತೆ ನೋಡಿಕೊಳ್ಳುತ್ತಲೇ, ಇವತ್ತೊಂದು ದಿನ ನಡೆಸು ಎಂದೆ. ಆ ಮಾತು ನನ್ನದಲ್ಲ, ಕೇಳಿ ಕಲಿತದ್ದು. ಆದರೂ ಹೇಳುವಾಗ ನಾನು ಅದರೊಳಗೆ ಇದ್ದೆ.

ಬಸ್ಸಿನವನು ಒಲೆಗೆ ಗಾಳಿ ಹಾಕುತ್ತಿರುವಾಗ ಉಪದೇಶಿಯವರು ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಬುತ್ತಿಯ ಗಂಟು. ಅದನ್ನು ನನ್ನ ತೊಡೆಯ ಮೇಲಿಟ್ಟು, ಬೇರೆ ಕಡೆ ನೋಡುತ್ತ, ಭಾನುವಾರ ಎರಡನೆಯ ಪ್ರಕಟಣೆ ಓದಿಸುತ್ತೇನೆ ಎಂದರು. ಸಂತೋಷದಿಂದಲೋ ಅಭ್ಯಾಸಬಲದಿಂದಲೋ, ದೇವರ ಚಿತ್ತ ತಿಳಿಯಿತೇ ಎಂದು ನಾನು ಕೇಳಿದೆ.

"ದೇವ್ರದು ನನಗ ಇನ್ನೂ ಪೂರಾ ತಿಳಿದಿಲ್ರಿ ಅಳಿಯಂದ್ರ," ಎಂದರು ಉಪದೇಶಿಯವರು. "ಆಕಿದು ತಿಳೀತು. ಮುಂಜಾನಿ ಎದ್ದು ಬುತ್ತಿ ಕಟ್ಟಾಕ ಕುಂತಿದ್ಲು."